ಕರಾವಳಿಯ ಅಹವಾಲು, ಘಟ್ಟದ ಮೇಲಿನವರ ಹೊಣೆ

(ಹುಬ್ಬಳ್ಳಿ ತಾಲೂಕಿನ ಶಿರಗುಪ್ಪಿಯಲ್ಲಿ ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ನಮ್ಮ ಬಳಗದ ಪರವಾಗಿ ಮಾಡಿದ ಭಾಷಣದ ಬರಹರೂಪ. ಮಲೆನಾಡಿನ ಓದುಗರಿಗೂ ಉಪಯುಕ್ತವಾದೀತೆಂದು ಇಲ್ಲಿ ಪ್ರಕಟಿಸಲಾಗಿದೆ.)



ಎರೆಭೂಮಿಯ ಈ ಊರಿಗೆ ಬಂದು ಕರಾವಳಿಯ ಗುಡ್ಡ, ನದಿ, ಸಮುದ್ರಗಳ ಮಾತು ಆಡುವುದು ಅಸಂಗತವೆಂದು ನಿಮಗೆ ತೋರಬಹುದು. ಹತ್ತಿ, ಕಡಲೆ, ಗೋಧಿ ಬೆಳೆಯುವ ನಿಮ್ಮ ಹೊಲಗಳಿಗೂ ಅಂಕೋಲೆಯ ಕಡಲಂಚಿನ ಊರುಗಳಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಆದ್ದರಿಂದ ಮೊದಲು ಆ ಸಂಬಂಧವನ್ನು ತಿಳಿಸಿ, ಅನಂತರ ವಿಷಯಕ್ಕೆ ಬರುತ್ತೇನೆ.

ಮೊದಲನೆಯ ಸಂಬಂಧ ನೀರಿನದು. ಹುಬ್ಬಳ್ಳಿ-ಧಾರವಾಡದ ಎತ್ತರದ ನೆಲವು ಮಳೆನೀರನ್ನು ಎರಡು ದಿಕ್ಕಿಗೆ ಹಂಚುತ್ತದೆ. ಪೂರ್ವಕ್ಕೆ ಇಳಿದ ನೀರು ನಿಮ್ಮ ಬೆಣ್ಣಿಹಳ್ಳವನ್ನು ಸೇರಿ, ಮಲಪ್ರಭೆ, ಕೃಷ್ಣೆಯರ ಮೂಲಕ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಪಶ್ಚಿಮಕ್ಕೆ ಇಳಿದ ನೀರು ಬೇರೆ ದಾರಿ ಹಿಡಿಯುತ್ತದೆ. ಧಾರವಾಡದ ಸೋಮೇಶ್ವರದ ಬಳಿ ಹುಟ್ಟುವ ಶಾಲ್ಮಲೆಯೂ ಹುಬ್ಬಳ್ಳಿಯ ಕಡೆಯಿಂದ ಬರುವ ಬೇಡ್ತಿಯ ತೊರೆಯೂ ಕಲಘಟಗಿಯ ಬಳಿ ಕೂಡಿ ಬೇಡ್ತಿ ಹೊಳೆಯಾಗುತ್ತವೆ. ಯಲ್ಲಾಪುರದ ಕಾಡುಗಳನ್ನು ದಾಟಿ, ಘಟ್ಟ ಇಳಿದು, ಅಂಕೋಲಾ ತಾಲೂಕಿನಲ್ಲಿ ಅದೇ ಹೊಳೆ ಗಂಗಾವಳಿ ಎಂಬ ಹೆಸರಿನಿಂದ ಅರಬ್ಬೀ ಸಮುದ್ರವನ್ನು ಸೇರುತ್ತದೆ. ನಾನು ಇಂದು ಹೇಳಲಿರುವ ದುರಂತ ನಡೆದದ್ದು ಈ ಗಂಗಾವಳಿಯ ದಂಡೆಯಲ್ಲಿ.

ಎರಡನೆಯ ಸಂಬಂಧ ರಸ್ತೆಯದು. ಅಂಕೋಲೆಯಿಂದ ಅರಬೈಲು ಘಟ್ಟ ಹತ್ತಿ, ಯಲ್ಲಾಪುರ, ಹುಬ್ಬಳ್ಳಿ, ಗದಗ, ಹೊಸಪೇಟೆ, ಬಳ್ಳಾರಿಯ ಮೂಲಕ ಗುತ್ತಿಯವರೆಗೆ ಹೋಗುವ ದಾರಿಯನ್ನು ಹಿಂದೆ ರಾಷ್ಟ್ರೀಯ ಹೆದ್ದಾರಿ 63 ಎಂದು ಕರೆಯುತ್ತಿದ್ದರು. ಈಗ ಅದರ ಭಾಗಗಳಿಗೆ ಬೇರೆ ಬೇರೆ ಸಂಖ್ಯೆಗಳಿವೆ. 2000ದ ದಶಕದಲ್ಲಿ ಬಳ್ಳಾರಿ, ಹೊಸಪೇಟೆಯ ಕಬ್ಬಿಣದ ಅದಿರು ಹೊತ್ತ ಲಾರಿಗಳು ಗದಗ, ಹುಬ್ಬಳ್ಳಿಯ ಮಾರ್ಗವಾಗಿ ಬೇಲೆಕೇರಿ ಬಂದರಿಗೆ ಹಗಲಿರುಳು ಓಡಿದ್ದು ಇಲ್ಲಿನ ಹಿರಿಯರಿಗೆ ನೆನಪಿರಬಹುದು. ಆ ಲಾರಿಗಳ ಕೆಂಪು ಧೂಳನ್ನು ನೀವೂ ಕುಡಿದಿದ್ದೀರಿ, ಘಟ್ಟದ ಮೇಲಿನ ನಾವೂ ಕುಡಿದಿದ್ದೇವೆ, ಕರಾವಳಿಯವರೂ ಕುಡಿದಿದ್ದಾರೆ. ಇಂದಿಗೂ ಬಯಲುಸೀಮೆಯ ಸರಕು ಕರಾವಳಿಗೆ ಇಳಿಯುವುದು, ಕರಾವಳಿಯ ಮೀನು ಮೇಲೆ ಬರುವುದು, ಅಲ್ಲಿನ ರೋಗಿಗಳು ಹುಬ್ಬಳ್ಳಿಯ ಆಸ್ಪತ್ರೆಗಳಿಗೆ ಬರುವುದು ಇಂತಹ ದಾರಿಗಳಲ್ಲೇ. ರಸ್ತೆಯ ಪ್ರಯೋಜನ ಪಡೆಯುವವರಲ್ಲಿ ನಾವೆಲ್ಲರೂ ಇದ್ದೇವೆ. ಅದರ ಅಪಾಯ ಮಾತ್ರ ಅದರ ಅಂಚಿನಲ್ಲಿ ಮನೆ ಮಾಡಿಕೊಂಡವರ ಪಾಲಿಗೆ ಉಳಿದಿದೆ.

ಶಿರೂರಿನಲ್ಲಿ ನಡೆದದ್ದು

ಪಶ್ಚಿಮ ಕರಾವಳಿಯ ಉದ್ದಕ್ಕೂ ಸಾಗುವ ಹೆದ್ದಾರಿ 66ನ್ನು, ಅಂದರೆ ಹಳೆಯ ಹೆದ್ದಾರಿ 17ನ್ನು, ಚತುಷ್ಪಥವಾಗಿ ಅಗಲಗೊಳಿಸುವ ಕೆಲಸ ಗೋವಾ ಗಡಿಯಿಂದ ಕುಂದಾಪುರದವರೆಗೆ ಕಳೆದ ದಶಕದಲ್ಲಿ ಆರಂಭವಾಯಿತು. ಉತ್ತರ ಕನ್ನಡದ ಕರಾವಳಿ ಬಹಳ ಇಕ್ಕಟ್ಟಿನದು. ಒಂದು ಬದಿಗೆ ಗುಡ್ಡ, ಇನ್ನೊಂದು ಬದಿಗೆ ಸಮುದ್ರ ಅಥವಾ ಹೊಳೆ, ನಡುವಿನ ಸಣ್ಣ ಪಟ್ಟಿಯಲ್ಲಿ ಊರು, ಗದ್ದೆ, ತೋಟ, ರೈಲು ಮತ್ತು ರಸ್ತೆ. ಇಂತಹ ಕಡೆ ರಸ್ತೆಯನ್ನು ಇಮ್ಮಡಿ ಮಾಡಬೇಕಾದರೆ ಗುಡ್ಡವನ್ನೇ ಕಡಿಯಬೇಕಾಗುತ್ತದೆ. ಹಲವು ಕಡೆ ಗುಡ್ಡಗಳನ್ನು ಗೋಡೆಯಂತೆ ನೆಟ್ಟಗೆ ಕಡಿಯಲಾಯಿತು.

ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ತಾಲೂಕುಗಳ ಹೆದ್ದಾರಿ ಬದಿಯ ಜನ ಈ ಕಾಮಗಾರಿಯ ಬಗ್ಗೆ ವರ್ಷಗಳಿಂದ ಅಹವಾಲು ಹೇಳುತ್ತ ಬಂದಿದ್ದರು. ಗುಡ್ಡದ ನೀರು ಹೋಗಲು ಸರಿಯಾದ ಗಟಾರವಿಲ್ಲ, ಊರಿನವರು ಓಡಾಡಲು ಸರ್ವಿಸ್ ರಸ್ತೆಯಿಲ್ಲ, ಶಾಲೆಯ ಮಕ್ಕಳು ರಸ್ತೆ ದಾಟಲು ವ್ಯವಸ್ಥೆಯಿಲ್ಲ, ಮಳೆಗಾಲದಲ್ಲಿ ಮಣ್ಣು ರಸ್ತೆಗೆ ಬರುತ್ತಿದೆ ಎಂಬವು ಅವರ ಮಾತುಗಳು. ರಸ್ತೆ ತಡೆ, ಮನವಿ, ಸಭೆ ಎಲ್ಲವೂ ನಡೆದಿದ್ದವು.

2024ರ ಜುಲೈ 16ರ ಬೆಳಿಗ್ಗೆ, ಧಾರಾಕಾರ ಮಳೆಯ ನಡುವೆ, ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲಿನ ಗುಡ್ಡ ಕುಸಿಯಿತು. ರಸ್ತೆಯ ಬದಿಯಲ್ಲಿ ಒಂದು ಚಿಕ್ಕ ಚಹಾ ಅಂಗಡಿ ಇತ್ತು. ದೂರದೂರಿನ ಲಾರಿ ಚಾಲಕರು ನಿಂತು ಉಪಾಹಾರ ಮಾಡುವ ಜಾಗ ಅದು. ಅಂಗಡಿಯನ್ನು ನಡೆಸುತ್ತಿದ್ದ ಕುಟುಂಬ, ಅಲ್ಲಿ ನಿಂತಿದ್ದ ವಾಹನಗಳು ಮಣ್ಣಿನ ರಾಶಿಯೊಂದಿಗೆ ಗಂಗಾವಳಿಗೆ ಹೋದವು. ಅನಿಲ ತುಂಬಿದ ಟ್ಯಾಂಕರ್ ಒಂದು ಹೊಳೆಯಲ್ಲಿ ತೇಲಿಹೋಯಿತು. ಒಟ್ಟು ಹನ್ನೊಂದು ಜನ ಸತ್ತರು ಅಥವಾ ಕಾಣೆಯಾದರು. ಕೇರಳದ ಚಾಲಕನೊಬ್ಬನ ಲಾರಿಯನ್ನು ಹೊಳೆಯ ತಳದಿಂದ ಮೇಲೆತ್ತಲು ಸೆಪ್ಟೆಂಬರ್ 25ರವರೆಗೆ, ಅಂದರೆ ಎಪ್ಪತ್ತೊಂದು ದಿನ, ಬೇಕಾಯಿತು. ನೌಕಾಪಡೆಯ ಮುಳುಗುಗಾರರು, ವಿಪತ್ತು ಸ್ಪಂದನಾ ಪಡೆಗಳು, ಗೋವಾದಿಂದ ತಂದ ಹೂಳೆತ್ತುವ ಯಂತ್ರ ಎಲ್ಲವೂ ಅಲ್ಲಿ ದುಡಿದವು.

ಇನ್ನೊಂದು ಸಂಗತಿ ಅಷ್ಟಾಗಿ ಚರ್ಚೆಗೆ ಬರಲಿಲ್ಲ. ಗುಡ್ಡ ಹೊಳೆಗೆ ಬಿದ್ದ ರಭಸಕ್ಕೆ ನೀರು ಎದ್ದು ಎದುರು ದಂಡೆಯ ಉಳುವರೆ ಗ್ರಾಮಕ್ಕೆ ಅಪ್ಪಳಿಸಿತು. ಅಲ್ಲಿನ ಮನೆಗಳು ನೆಲಸಮವಾದವು, ಒಬ್ಬ ಮಹಿಳೆ ಪ್ರಾಣ ಕಳೆದುಕೊಂಡರು. ಹೆದ್ದಾರಿ ಉಳುವರೆಯ ಮೇಲೆ ಹಾದುಹೋಗುವುದಿಲ್ಲ. ಕಡಿದ ಗುಡ್ಡ ಆ ಊರಿನದಲ್ಲ. ನಡುವೆ ಒಂದು ಹೊಳೆಯೇ ಇದೆ. ಆದರೂ ಮನೆ ಕಳೆದುಕೊಂಡವರು ಅವರು.

ಗುಡ್ಡ ಏಕೆ ಜಾರುತ್ತದೆ?

ವಿದ್ಯಾರ್ಥಿಗಳು ಇದನ್ನು ಸ್ಪಷ್ಟವಾಗಿ ತಿಳಿದುಕೊಳ್ಳಬೇಕು. ಕರಾವಳಿಯ ಬಹುತೇಕ ಗುಡ್ಡಗಳ ಮೇಲ್ಪದರ ಜಂಬಿಟ್ಟಿಗೆ. ಅದು ರಂಧ್ರಗಳಿಂದ ಕೂಡಿದ ಕೆಂಪು ಕಲ್ಲು. ಮಳೆನೀರನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುತ್ತದೆ. ಅದರ ಕೆಳಗೆ ಹಲವು ಕಡೆ ನುಣುಪಾದ ಜೇಡಿಯ ಪದರವಿರುತ್ತದೆ. ಕರಾವಳಿಯವರು ಅದನ್ನು ಶೇಡಿ ಮಣ್ಣು ಎನ್ನುತ್ತಾರೆ. ಒಣಗಿದ್ದಾಗ ಗಟ್ಟಿಯಾಗಿರುವ ಈ ಮಣ್ಣು ನೀರು ಕುಡಿದಾಗ ಮೆತ್ತಗಾಗಿ ಹಿಡಿತ ಕಳೆದುಕೊಳ್ಳುತ್ತದೆ. ಅದರಡಿಯಲ್ಲಿ ಗಟ್ಟಿ ಬಂಡೆ ಇರುವುದರಿಂದ ನೀರು ಇನ್ನೂ ಕೆಳಗೆ ಇಳಿಯಲಾರದು. ಹೀಗೆ ಮೇಲಿನ ಭಾರವೆಲ್ಲ ಜಾರುವ ಒಂದು ಪದರದ ಮೇಲೆ ನಿಂತಂತಾಗುತ್ತದೆ.

ಸಹಜ ಸ್ಥಿತಿಯಲ್ಲಿ ಈ ಭಾರವನ್ನು ತಡೆದು ನಿಲ್ಲಿಸುವುದು ಗುಡ್ಡದ ಬುಡ. ಕಣದಲ್ಲಿ ಒಟ್ಟಿದ ಜೋಳದ ರಾಶಿಯ ಬುಡದಿಂದ ಒಂದು ಬುಟ್ಟಿ ತೆಗೆದರೆ ಮೇಲಿನ ಕಾಳು ಜಾರಿ ಬರುವುದನ್ನು ನೀವು ಕಂಡಿದ್ದೀರಿ. ಗುಡ್ಡದ ಬುಡವನ್ನು ನೆಟ್ಟಗೆ ಕಡಿದಾಗಲೂ ನಡೆಯುವುದು ಅದೇ. ವ್ಯತ್ಯಾಸವೆಂದರೆ ಜೋಳ ಆ ಕ್ಷಣಕ್ಕೇ ಜಾರುತ್ತದೆ, ಗುಡ್ಡ ಹಲವು ಮಳೆಗಾಲ ಕಾಯಬಹುದು. ಹೀಗೆ ಕಾಯುವುದರಿಂದಲೇ ಕಡಿದವರಿಗೆ ತಾವು ಮಾಡಿದ್ದು ಸರಿಯೆಂಬ ಭ್ರಮೆ ಉಂಟಾಗುತ್ತದೆ. ಶಿರೂರಿನ ದುರಂತದ ನಂತರ ಸ್ಥಳ ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ತಜ್ಞರು ಭಾರಿ ಮಳೆಯ ಜೊತೆಗೆ ಹೆದ್ದಾರಿಗಾಗಿ ಇಳಿಜಾರನ್ನು ಕಡಿದದ್ದನ್ನೂ ಕಾರಣವಾಗಿ ಗುರುತಿಸಿದರು.

ಗುಡ್ಡವನ್ನು ಕಡಿಯಲೇಬೇಕಾದಾಗ ಅನುಸರಿಸಬೇಕಾದ ಕ್ರಮಗಳನ್ನು ಎಂಜಿನಿಯರುಗಳು ಬಲ್ಲರು. ಒಂದೇ ಗೋಡೆಯಾಗಿ ಕಡಿಯದೆ ಮೆಟ್ಟಿಲು ಮೆಟ್ಟಿಲಾಗಿ ಕಡಿಯುವುದು, ಗುಡ್ಡದ ನೆತ್ತಿಯಲ್ಲೇ ಗಟಾರ ತೆಗೆದು ನೀರನ್ನು ಬೇರೆಡೆಗೆ ತಿರುಗಿಸುವುದು, ತಡೆಗೋಡೆಯಲ್ಲಿ ನೀರು ಸೋರಿ ಹೋಗಲು ತೂತುಗಳನ್ನು ಬಿಡುವುದು, ಬೇರು ಬಿಡುವ ಹುಲ್ಲು-ಗಿಡಗಳಿಂದ ಮಣ್ಣನ್ನು ಹಿಡಿದಿಡುವುದು ಇವುಗಳಲ್ಲಿ ಮುಖ್ಯವಾದವು. ಮೆಟ್ಟಿಲಾಗಿ ಕಡಿಯಲು ಹೆಚ್ಚು ಜಾಗ ಬೇಕು. ಹೆಚ್ಚು ಜಾಗಕ್ಕೆ ಹೆಚ್ಚು ಹಣ ಬೇಕು, ಅರಣ್ಯ ಅಥವಾ ಕಂದಾಯ ಇಲಾಖೆಯ ಅನುಮತಿ ಬೇಕು. ಆ ಹಣವನ್ನು ಮತ್ತು ಸಮಯವನ್ನು ಉಳಿಸಿದರೆ ನಷ್ಟ ಗುಡ್ಡದ ಕೆಳಗೆ ಇರುವವರ ಲೆಕ್ಕಕ್ಕೆ ಹೋಗುತ್ತದೆ.

ಇದು ಮೊದಲನೆಯದಲ್ಲ

2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳ ಮಳೆಯನ್ನು ಉತ್ತರ ಕರ್ನಾಟಕ ಮರೆತಿಲ್ಲ. ಮಲಪ್ರಭೆ, ಕೃಷ್ಣೆ, ತುಂಗಭದ್ರೆಯರು ಉಕ್ಕಿ ಹರಿದು ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನರು ಸತ್ತರು. ಅದೇ ಮಳೆಯಲ್ಲಿ, ಅಕ್ಟೋಬರ್ 2ರಂದು, ಕಾರವಾರ ಸಮೀಪದ ಕಡವಾಡದ ಝರಿವಾಡದಲ್ಲಿ ಗುಡ್ಡ ಕುಸಿದು ಹತ್ತೊಂಬತ್ತು ಜನ ಮಣ್ಣಿನಡಿ ಸಿಲುಕಿ ಮೃತಪಟ್ಟರು. ನಿಮ್ಮ ಕಡೆಯ ನೆರೆಯನ್ನೂ ಕಡವಾಡದ ಕುಸಿತವನ್ನೂ ನಾವು ಬೇರೆ ಬೇರೆ ಸುದ್ದಿಗಳಾಗಿ ಓದಿದೆವು. ಮಳೆ ಮಾತ್ರ ಒಂದೇ ಆಗಿತ್ತು.

2021ರ ಜುಲೈನಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಭೂಮಿ ಬಾಯಿಬಿಟ್ಟು ಅಡಿಕೆ ತೋಟಗಳು ಜಾರಿಹೋದವು. ಅರಬೈಲು ಘಟ್ಟದ ರಸ್ತೆ ಕುಸಿದು ಹುಬ್ಬಳ್ಳಿ-ಅಂಕೋಲಾ ಸಂಚಾರ ನಿಂತಿತು. ಗಂಗಾವಳಿಯ ಪ್ರವಾಹಕ್ಕೆ ಗುಳ್ಳಾಪುರದ ಸೇತುವೆ ಕೊಚ್ಚಿಹೋಗಿ ಆಚೆ ದಡದ ಹಳ್ಳಿಗಳ ಸಂಪರ್ಕ ಕಡಿಯಿತು. 2022ರ ಆಗಸ್ಟ್‌ನಲ್ಲಿ ಭಟ್ಕಳದ ಮುಟ್ಟಳ್ಳಿಯಲ್ಲಿ ಮನೆಯ ಮೇಲೆ ಗುಡ್ಡ ಕುಸಿದು ಒಂದೇ ಕುಟುಂಬದ ನಾಲ್ವರು ತೀರಿಕೊಂಡರು. ಶಿರೂರಿನ ದುರಂತ ನಡೆದು ತಿಂಗಳು ತುಂಬುವ ಮೊದಲೇ, 2024ರ ಆಗಸ್ಟ್ 7ರ ನಡುರಾತ್ರಿ, ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿದ್ದಿತು. ಅದರ ಚಾಲಕನನ್ನು ರಕ್ಷಿಸಲಾಯಿತು. ಹಗಲಿನ ವೇಳೆ ಬಿದ್ದಿದ್ದರೆ ಎಷ್ಟು ಜೀವಗಳು ಹೋಗುತ್ತಿದ್ದವೋ ಊಹಿಸಿಕೊಳ್ಳಿ.

ದಕ್ಷಿಣಕ್ಕೆ ಹೋದರೆ ಉಳ್ಳಾಲ, ಸೋಮೇಶ್ವರ, ಉಚ್ಚಿಲದ ಜನರ ಅಹವಾಲು ಸಮುದ್ರ ಕೊರೆತದ ಬಗ್ಗೆ. ಪ್ರತಿ ಮಳೆಗಾಲದಲ್ಲಿ ಮನೆ, ರಸ್ತೆ, ತೆಂಗಿನ ಮರಗಳು ಕಡಲಿಗೆ ಹೋಗುತ್ತವೆ. ಪ್ರತಿ ಮಳೆಗಾಲದಲ್ಲಿ ಲಾರಿಗಟ್ಟಲೆ ಕಲ್ಲು ತಂದು ಸುರಿಯುತ್ತಾರೆ. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದ ಯೋಜನೆಯಲ್ಲಿ ಉಳ್ಳಾಲದ ಎದುರು ಸಮುದ್ರದೊಳಗೆ ಅಲೆ ತಡೆಯುವ ದಿಬ್ಬಗಳನ್ನು ಕಟ್ಟಲಾಯಿತು. ಆದರೂ ಅದರ ದಕ್ಷಿಣದ ಬಟ್ಟಪ್ಪಾಡಿಯಲ್ಲಿ 2022ರ ಮಳೆಗಾಲದಲ್ಲಿ ಕಡಲ ಬದಿಯ ರಸ್ತೆಯೇ ಕೊಚ್ಚಿಹೋಯಿತು. ಕರಾವಳಿಯುದ್ದಕ್ಕೂ ಚಲಿಸುವ ಮರಳಿಗೆ ಒಂದು ಕಡೆ ತಡೆ ಒಡ್ಡಿದರೆ ಮುಂದಿನ ದಂಡೆಗೆ ಮರಳು ಕಡಿಮೆಯಾಗುತ್ತದೆ, ಅಲ್ಲಿ ಕೊರೆತ ಹೆಚ್ಚುತ್ತದೆ. ಹೊಳೆಯಾಚೆಯ ಉಳುವರೆಗೆ ಆದಂತೆ ಇಲ್ಲಿಯೂ ಒಂದು ಕಡೆಯ ಕಾಮಗಾರಿಯ ಪರಿಣಾಮ ಪಕ್ಕದ ಊರಿಗೆ ತಲುಪುತ್ತದೆ. ಆ ಪಕ್ಕದ ಊರಿನವರನ್ನು ಯೋಜನೆ ಮಾಡುವಾಗ ಯಾರೂ ಕೇಳಿರುವುದಿಲ್ಲ.

ಅಹವಾಲು ಎಲ್ಲಿ ಕಳೆದುಹೋಗುತ್ತದೆ?

ಈಗ ಇಂದಿನ ಮುಖ್ಯ ವಿಷಯಕ್ಕೆ ಬರುತ್ತೇನೆ. ಜನರು ಹೇಳಿದ್ದರು, ಆದರೂ ಏಕೆ ಏನೂ ಆಗಲಿಲ್ಲ? ಅಧಿಕಾರಿಗಳು ಕೆಟ್ಟವರು, ಕಂಪನಿಗಳು ದುರಾಸೆಯವು ಎಂದು ಹೇಳಿ ಮುಗಿಸಿಬಿಡುವುದು ಸುಲಭ. ಅದರಿಂದ ಮುಂದಿನ ಮಳೆಗಾಲಕ್ಕೆ ಯಾವ ಪ್ರಯೋಜನವೂ ಇಲ್ಲ. ಅಹವಾಲು ಹೋಗುವ ದಾರಿಯನ್ನು ನೋಡೋಣ.

ಹೆದ್ದಾರಿ ಬದಿಯ ಮನೆಯವರು ಮೊದಲು ಗ್ರಾಮ ಪಂಚಾಯಿತಿಗೆ ಹೇಳುತ್ತಾರೆ. ರಾಷ್ಟ್ರೀಯ ಹೆದ್ದಾರಿ ತನ್ನ ವ್ಯಾಪ್ತಿಗೆ ಬರುವುದಿಲ್ಲವೆಂದು ಪಂಚಾಯಿತಿ ಹೇಳುತ್ತದೆ. ಅದು ನಿಜವೂ ಹೌದು. ತಹಶೀಲ್ದಾರರು ಅರ್ಜಿಯನ್ನು ಹೆದ್ದಾರಿ ಪ್ರಾಧಿಕಾರಕ್ಕೆ ಕಳಿಸುತ್ತಾರೆ. ಪ್ರಾಧಿಕಾರ ಗುತ್ತಿಗೆದಾರರಿಗೆ ಬರೆಯುತ್ತದೆ. ಗುತ್ತಿಗೆದಾರರು, ತಮಗೆ ಹಸ್ತಾಂತರವಾದ ಜಾಗ ಇಷ್ಟೇ, ಮೇಲಿನ ಗುಡ್ಡ ಅರಣ್ಯದ್ದು ಎನ್ನುತ್ತಾರೆ. ಅರಣ್ಯ ಇಲಾಖೆ ತಾನು ಗುಡ್ಡ ಕಡಿದಿಲ್ಲವೆನ್ನುತ್ತದೆ. ಹೊಳೆ, ಬಂದರು, ಗಣಿ, ಲೋಕೋಪಯೋಗಿ ಹೀಗೆ ಇನ್ನೂ ಕೆಲವು ಕಚೇರಿಗಳಿವೆ. ಪ್ರತಿಯೊಬ್ಬರ ಉತ್ತರದಲ್ಲಿಯೂ ಸ್ವಲ್ಪ ಸತ್ಯವಿದೆ. ಗುಡ್ಡಕ್ಕೆ ಮಾತ್ರ ಈ ಗಡಿಗಳ ಪರಿಚಯವಿಲ್ಲ.

ಇನ್ನೊಂದು ಕೊರತೆ ನಮ್ಮ ಕಡೆಯದು. ಅಪಾಯವನ್ನು ಮೊದಲು ಕಾಣುವವರು ಸ್ಥಳೀಯರು. ದನ ಮೇಯಿಸಲು ಹೋದವನಿಗೆ ಗುಡ್ಡದ ನೆತ್ತಿಯ ಬಿರುಕು ಕಾಣುತ್ತದೆ. ನೀರು ತರುವ ಹೆಂಗಸಿಗೆ ತಿಳಿಯಾಗಿದ್ದ ಒರತೆ ಕೆಸರಾದದ್ದು ಗೊತ್ತಾಗುತ್ತದೆ. ಆದರೆ ಈ ತಿಳಿವಳಿಕೆ ಬಾಯಿಮಾತಿನಲ್ಲೇ ಉಳಿಯುತ್ತದೆ. ಯಾವ ದಿನ, ಯಾವ ಸರ್ವೆ ನಂಬರು, ಎಷ್ಟು ಉದ್ದದ ಬಿರುಕು ಎಂಬುದು ಎಲ್ಲಿಯೂ ದಾಖಲಾಗುವುದಿಲ್ಲ. ಮುಖಂಡರು ಬಂದಾಗ ಕೂಗಿ ಹೇಳಿದ ಮಾತು ಅವರ ವಾಹನ ಹೊರಟೊಡನೆ ಮುಗಿಯುತ್ತದೆ. ದುರಂತವಾದ ಮೇಲೆ ‘ನಾವು ಮೊದಲೇ ಹೇಳಿದ್ದೆವು’ ಎಂದು ಊರು ಹೇಳುತ್ತದೆ, ‘ನಮಗೆ ಯಾವ ದೂರೂ ಬಂದಿರಲಿಲ್ಲ’ ಎಂದು ಕಚೇರಿ ಹೇಳುತ್ತದೆ. ದಾಖಲೆ ಇಲ್ಲದಿದ್ದರೆ ಕಚೇರಿಯ ಮಾತೇ ನಿಲ್ಲುತ್ತದೆ.

ಕಾನೂನು ನಮಗೆ ಕೊಟ್ಟಿರುವುದು

ಹಲವು ಕಚೇರಿಗಳಿಗೆ ಹಂಚಿಹೋದ ಹೊಣೆಯನ್ನು ಒಂದೇ ಕಡೆ ಸೇರಿಸುವ ಕಾನೂನು ನಮ್ಮಲ್ಲಿದೆ. ಅದು 2005ರ ವಿಪತ್ತು ನಿರ್ವಹಣಾ ಕಾಯಿದೆ. ಅದರಂತೆ ಪ್ರತಿ ಜಿಲ್ಲೆಯಲ್ಲಿ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರವಿರಬೇಕು, ಜಿಲ್ಲಾಧಿಕಾರಿಯೇ ಅದರ ಅಧ್ಯಕ್ಷರು. ದುರಂತವಾದ ಮೇಲೆ ಪರಿಹಾರ ಹಂಚುವುದಷ್ಟೇ ಈ ಪ್ರಾಧಿಕಾರದ ಕೆಲಸವೆಂದು ಅನೇಕರು ತಿಳಿದಿದ್ದಾರೆ. ಜಿಲ್ಲೆಯಲ್ಲಿ ಅಪಾಯಕ್ಕೆ ಈಡಾಗಬಹುದಾದ ಸ್ಥಳಗಳನ್ನು ಗುರುತಿಸುವುದು, ದುರಂತ ತಡೆಯುವ ಕ್ರಮಗಳನ್ನು ಇಲಾಖೆಗಳಿಂದ ಮಾಡಿಸುವುದು, ಅದಕ್ಕಾಗಿ ನಿರ್ದೇಶನ ನೀಡುವುದು ಕೂಡ ಅದರ ಕರ್ತವ್ಯ. ಅಪಾಯ ಎದುರಾದಾಗ ವಾಹನ ಸಂಚಾರ ನಿರ್ಬಂಧಿಸುವ ಅಧಿಕಾರವೂ ಅದಕ್ಕಿದೆ. ಸರಿಯಾದ ಕಾರಣವಿಲ್ಲದೆ ನಿರ್ದೇಶನವನ್ನು ಪಾಲಿಸದಿದ್ದರೆ ಶಿಕ್ಷೆಗೂ ಅವಕಾಶವಿದೆ. ಆದ್ದರಿಂದ ಗುಡ್ಡದ ಬಿರುಕಿನ ಅಹವಾಲು ಹೋಗಬೇಕಾದ ಮೊದಲ ವಿಳಾಸ ಈ ಪ್ರಾಧಿಕಾರದ ಅಧ್ಯಕ್ಷರದು. ಉಳಿದ ಕಚೇರಿಗಳಿಗೆ ಅದರ ಪ್ರತಿ ಹೋದರೆ ಸಾಕು.

ಇನ್ನೂ ಕೆಲವು ಸಾಧನಗಳಿವೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಮು ಸಾರ್ವಜನಿಕರಿಗೆ ಅಪಾಯ ತರುವ ಅಡಚಣೆಗಳನ್ನು ತೆಗೆಸುವ ಅಧಿಕಾರವನ್ನು ಕಾರ್ಯನಿರ್ವಾಹಕ ದಂಡಾಧಿಕಾರಿಗಳಿಗೆ ಕೊಟ್ಟಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 152ನೇ ಕಲಮಾಗಿ ಮುಂದುವರಿದಿದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯು ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯ ಸುರಕ್ಷತಾ ಮಾನದಂಡಗಳನ್ನು ಪಾಲಿಸದೆ ಸಾವು-ನೋವಿಗೆ ಕಾರಣವಾದ ಗುತ್ತಿಗೆದಾರರಿಗೂ ಹೊಣೆಗಾರರಿಗೂ ಒಂದು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸುತ್ತದೆ. ಮೊತ್ತ ಸಣ್ಣದು, ಆದರೆ ರಸ್ತೆ ಕಟ್ಟಿದವರೂ ಹೊಣೆಗಾರರು ಎಂಬ ತತ್ವ ಅದರಲ್ಲಿದೆ. ಮಾಹಿತಿ ಹಕ್ಕು ಕಾಯಿದೆಯಡಿ ಸಾಮಾನ್ಯ ಅರ್ಜಿಗೆ ಮೂವತ್ತು ದಿನಗಳಲ್ಲಿ ಉತ್ತರ ಸಿಗಬೇಕು. ವ್ಯಕ್ತಿಯ ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಮಾಹಿತಿಯಾದರೆ ನಲವತ್ತೆಂಟು ಗಂಟೆಗಳಲ್ಲಿ ಕೊಡಬೇಕು. ಗುಡ್ಡದ ಇಳಿಜಾರಿನ ವಿನ್ಯಾಸ, ಸುರಕ್ಷತಾ ಪರಿಶೀಲನೆಯ ವರದಿ, ಗಟಾರದ ನಕ್ಷೆ ಇವನ್ನೆಲ್ಲ ಕೇಳಿ ಪಡೆಯಬಹುದು.

ಸರಿಯಾದ ಪ್ರಶ್ನೆಯನ್ನು ಸರಿಯಾದ ಕಡೆ ಕೇಳಿದಾಗ ಫಲ ಸಿಕ್ಕ ಉದಾಹರಣೆಗಳಿವೆ. 2023ರ ಜುಲೈನಲ್ಲಿ ಕಾರವಾರ ಸಮೀಪದ ಹೆದ್ದಾರಿ ಸುರಂಗಗಳಲ್ಲಿ ನೀರು ಸೋರಿದಾಗ, ಇವುಗಳ ಸುರಕ್ಷತಾ ಪ್ರಮಾಣಪತ್ರ ಎಲ್ಲಿದೆ ಎಂಬ ಪ್ರಶ್ನೆ ಎದ್ದಿತು. ಆ ಒಂದೇ ಪ್ರಶ್ನೆಯ ಮೇಲೆ ಸುರಂಗಗಳಲ್ಲಿ ಸಂಚಾರ ನಿಂತಿತು, ಸೆಪ್ಟೆಂಬರ್ ಕೊನೆಯವರೆಗೂ ನಿಂತೇ ಇತ್ತು. ‘ಭಯವಾಗುತ್ತಿದೆ’ ಎಂದು ಹೇಳಿದ್ದರೆ ಸಮಾಧಾನದ ಮಾತು ಸಿಗುತ್ತಿತ್ತು. ಕಾಗದ ತೋರಿಸಿ ಎಂದಾಗ ಆಡಳಿತ ನಿಲ್ಲಬೇಕಾಯಿತು.

ಮಲೆನಾಡಿನವರಿಗೆ ಇದಕ್ಕಿಂತ ಹಳೆಯ ನೆನಪೊಂದಿದೆ. ಬೇಡ್ತಿ ನದಿಗೆ ಜಲವಿದ್ಯುತ್ ಅಣೆಕಟ್ಟು ಕಟ್ಟುವ ಯೋಜನೆ ಬಂದಾಗ 1981ರಲ್ಲಿ ಶಿರಸಿಯಲ್ಲಿ ರೈತರೇ ತಮ್ಮ ಸಹಕಾರಿ ಸಂಘದ ಮೂಲಕ ವಿಜ್ಞಾನಿಗಳನ್ನು, ಅರ್ಥಶಾಸ್ತ್ರಜ್ಞರನ್ನು ಕರೆಸಿ ವಿಚಾರ ಸಂಕಿರಣ ನಡೆಸಿದರು. ಮುಳುಗುವ ತೋಟ, ಕಾಡು, ಮನೆಗಳ ಬೆಲೆಯನ್ನು ಲೆಕ್ಕ ಹಾಕಿ ಯೋಜನೆಯ ಲಾಭದ ಎದುರು ಇಟ್ಟರು. ಘೋಷಣೆಗಳ ಜೊತೆಗೆ ಲೆಕ್ಕವನ್ನೂ ಮುಂದಿಟ್ಟದ್ದರಿಂದ ಸರ್ಕಾರ ಉತ್ತರ ಹೇಳಬೇಕಾಯಿತು, ಯೋಜನೆ ಹಿಂದೆ ಸರಿಯಿತು. ಅದೇ ಹೊಳೆಯ ಕೆಳದಂಡೆಯಲ್ಲಿ ಶಿರೂರು ಇದೆ.

ಮಳೆಗಾಲಕ್ಕೆ ಮುನ್ನ ಮಾಡಬೇಕಾದದ್ದು

ಒಂದನೆಯದಾಗಿ, ಪ್ರತಿ ಊರು ತನ್ನ ಅಪಾಯದ ಸ್ಥಳಗಳ ಪಟ್ಟಿಯನ್ನು ತಾನೇ ತಯಾರಿಸಬೇಕು. ಕಡಿದ ಗುಡ್ಡ, ಕಟ್ಟಿಕೊಂಡ ಮೋರಿ, ಹಳೆಯ ಸೇತುವೆ, ಹೊಳೆದಂಡೆಯ ಮನೆ ಹೀಗೆ. ಸರ್ವೆ ನಂಬರು ಅಥವಾ ಕಿಲೋಮೀಟರ್ ಕಲ್ಲಿನ ಸಂಖ್ಯೆ, ದಿನಾಂಕ, ಛಾಯಾಚಿತ್ರ ಇರಲಿ.

ಎರಡನೆಯದಾಗಿ, ಈ ಪಟ್ಟಿಯನ್ನು ವಾರ್ಡ್ ಸಭೆ, ಗ್ರಾಮಸಭೆಗಳಲ್ಲಿ ಓದಿ ಠರಾವು ಮಾಡಿಸಬೇಕು. ಹೆದ್ದಾರಿಗೆ ಆದೇಶ ಕೊಡುವ ಅಧಿಕಾರ ಪಂಚಾಯಿತಿಗೆ ಇಲ್ಲದಿರಬಹುದು, ಆದರೆ ತನ್ನ ಜನರ ಜೀವಕ್ಕೆ ಅಪಾಯವಿದೆಯೆಂದು ದಾಖಲಿಸುವ ಅಧಿಕಾರವನ್ನು ಯಾರೂ ಕಸಿದುಕೊಳ್ಳಲಾರರು. ಒಬ್ಬನ ಅರ್ಜಿಗಿಂತ ಗ್ರಾಮಸಭೆಯ ಠರಾವಿಗೆ ತೂಕ ಹೆಚ್ಚು.

ಮೂರನೆಯದಾಗಿ, ಠರಾವಿನೊಡನೆ ಮನವಿಯನ್ನು ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರಿಗೆ ಕೊಟ್ಟು ಸ್ವೀಕೃತಿ ಪಡೆಯಬೇಕು. ಏನು ಕ್ರಮ ಕೈಗೊಂಡಿರಿ, ಕೈಗೊಳ್ಳದಿದ್ದರೆ ಏಕೆ ಎಂಬುದಕ್ಕೆ ಲಿಖಿತ ಹಿಂಬರಹ ಕೇಳಬೇಕು. ಮನವಿ ಒಂದೇ ಪುಟದಲ್ಲಿರಲಿ. ಅದರಲ್ಲಿ ಎಲ್ಲ ಕಷ್ಟಗಳನ್ನೂ ತುಂಬಬೇಡಿ. ಸ್ಥಳ, ಅಪಾಯ, ಬೇಕಾದ ಕ್ರಮ, ಅವಧಿ ಈ ನಾಲ್ಕು ಸಾಕು.

ನಾಲ್ಕನೆಯದು ವಿದ್ಯಾರ್ಥಿಗಳಿಗೆ. ಬಿರುಕಿನ ಎರಡೂ ಬದಿಗೆ ಒಂದೊಂದು ಗೂಟ ನೆಟ್ಟು, ಮಳೆಗಾಲಕ್ಕೆ ಮುನ್ನ ವಾರಕ್ಕೊಮ್ಮೆ ಅವುಗಳ ನಡುವಿನ ಅಂತರವನ್ನು ಅಳೆದು ಬರೆದಿಡಿ. ಒಂದೇ ಜಾಗದಲ್ಲಿ ನಿಂತು ತಿಂಗಳಿಗೊಮ್ಮೆ ಅದೇ ಗುಡ್ಡದ ಚಿತ್ರ ತೆಗೆಯಿರಿ. ಓರೆಯಾದ ಮರ, ಹೊಸದಾಗಿ ಹುಟ್ಟಿದ ಒರತೆ, ಉಬ್ಬಿದ ಬುಡ, ಬಿರುಕು ಬಿಟ್ಟ ತಡೆಗೋಡೆ ಇವು ಎಚ್ಚರಿಕೆಯ ಗುರುತುಗಳು. ಜೋರು ಮಳೆಯಲ್ಲಿ ಯಾರೂ ಅಳತೆಗಾಗಿ ಗುಡ್ಡದ ಬುಡಕ್ಕೆ ಹೋಗಬಾರದು. ಆಗ ಮಾಡಬೇಕಾದದ್ದು ಅಲ್ಲಿಂದ ದೂರ ಸರಿಯುವುದು, ಇತರರನ್ನು ಸರಿಸುವುದು.

ಐದನೆಯದಾಗಿ, ದಾರಿಹೋಕರನ್ನು ಮರೆಯಬಾರದು. ಶಿರೂರಿನಲ್ಲಿ ಸತ್ತವರಲ್ಲಿ ಹೊರ ರಾಜ್ಯದ ಚಾಲಕರೂ ಇದ್ದರು. ಆ ಗುಡ್ಡದ ಬಗ್ಗೆ ಅವರಿಗೆ ಏನೂ ತಿಳಿದಿರಲಿಲ್ಲ. ಅಪಾಯದ ಗುಡ್ಡದ ಕೆಳಗೆ ವಾಹನ ನಿಲ್ಲಿಸಬಾರದೆಂಬ ಫಲಕ ಅವರಿಗೆ ಅರ್ಥವಾಗುವ ಭಾಷೆಗಳಲ್ಲಿ ಬೇಕು. ಅಂತಹ ಕಡೆ ಚಹಾ ಅಂಗಡಿ ಇಟ್ಟ ಬಡವರನ್ನು ಓಡಿಸಿದರೆ ಸಾಲದು, ಸುರಕ್ಷಿತವಾದ ಇನ್ನೊಂದು ಜಾಗವನ್ನು ಆಡಳಿತವೇ ಕೊಡಬೇಕು.

ಅಭಿವೃದ್ಧಿ ವಿರೋಧವೇ?

ಇಷ್ಟು ಹೇಳಿದೊಡನೆ ‘ನೀವು ಅಭಿವೃದ್ಧಿಯ ವಿರೋಧಿಗಳು’ ಎಂಬ ಮಾತು ಬರುತ್ತದೆ. ಕರಾವಳಿಯ ಜನ ರಸ್ತೆ ಬೇಡವೆಂದು ಹೇಳಿಲ್ಲ. ತುರ್ತು ಚಿಕಿತ್ಸೆಗಾಗಿ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾದ ಕಡೆ ಓಡಬೇಕಾದ ಜಿಲ್ಲೆಗೆ ಒಳ್ಳೆಯ ರಸ್ತೆಯ ಬೆಲೆ ಚೆನ್ನಾಗಿ ಗೊತ್ತು. ಅವರು ಕೇಳುತ್ತಿರುವುದು ನಿಲ್ಲುವ ರಸ್ತೆಯನ್ನು. ಶಿರೂರಿನ ಕುಸಿತದ ನಂತರ ಹೆದ್ದಾರಿ ದಿನಗಟ್ಟಲೆ ಬಂದಾಗಿ, ಲಾರಿಗಳು ಸುತ್ತು ದಾರಿ ಹಿಡಿದವು. ಗುಡ್ಡವನ್ನು ಅಗ್ಗವಾಗಿ ಕಡಿದಾಗ ಉಳಿದ ಹಣಕ್ಕಿಂತ ಹುಡುಕಾಟಕ್ಕೆ, ತೆರವಿಗೆ, ಪರಿಹಾರಕ್ಕೆ ಹೋದದ್ದು ಎಷ್ಟೆಂಬ ಲೆಕ್ಕವನ್ನು ಸರ್ಕಾರವೇ ಜನರ ಮುಂದೆ ಇಡಲಿ. ಹೋದ ಜೀವಗಳನ್ನು ಯಾವ ಲೆಕ್ಕಕ್ಕೂ ಸೇರಿಸಲಾಗದು.

ನಿಮ್ಮ ಪಾಲಿನ ಕೆಲಸ

ಕೊನೆಯದಾಗಿ ಶಿರಗುಪ್ಪಿಯವರಲ್ಲಿ ಒಂದು ಬೇಡಿಕೆ. ಕರಾವಳಿಯ ಊರೊಂದು ಒಂಟಿಯಾಗಿ ಕೇಳಿದಾಗ ಅದು ಆ ಊರಿನ ಗಲಾಟೆಯೆನಿಸುತ್ತದೆ. ಅದೇ ರಸ್ತೆಯನ್ನು ಬಳಸುವ ಘಟ್ಟದ ಮೇಲಿನ ಊರುಗಳ ಪಂಚಾಯಿತಿಗಳು, ರೈ‌ತ ಸಂಘಗಳು, ಲಾರಿ ಮಾಲೀಕರು, ಚಾಲಕರು ಅದನ್ನೇ ಕೇಳಿದರೆ ಅದು ರಸ್ತೆಯ ಪ್ರಶ್ನೆಯಾಗುತ್ತದೆ. ನಿಮ್ಮ ಊರಿನ ಚಾಲಕರು ಅರಬೈಲಿನಲ್ಲಿ, ಅಂಕೋಲೆಯಲ್ಲಿ ಕಂಡ ಅಪಾಯಗಳನ್ನು ಬಂದು ಹೇಳಿದಾಗ ಬರೆದುಕೊಳ್ಳಿ. ಆ ಜಿಲ್ಲೆಯ ಪ್ರಾಧಿಕಾರಕ್ಕೆ ನೀವೂ ಪತ್ರ ಬರೆಯಬಹುದು, ಅದಕ್ಕೆ ಅಲ್ಲಿನ ನಿವಾಸಿಯೇ ಆಗಿರಬೇಕೆಂದಿಲ್ಲ.

ಹಾಗೆಯೇ ಬೆಣ್ಣಿಹಳ್ಳದ ದಂಡೆಯ ನಿಮ್ಮ ಪಟ್ಟಿಯನ್ನೂ ತಯಾರಿಸಿ. 2009ರಲ್ಲಿ, 2019ರಲ್ಲಿ ಈ ಹಳ್ಳ ಉಕ್ಕಿ ಬಂದಾಗ ಹೊಲ, ಮನೆ, ರಸ್ತೆಗಳು ಏನಾದವೆಂದು ಈ ಭಾಗದ ಜನರಿಗೆ ಗೊತ್ತು. ಹೂಳು ತುಂಬಿದ ಹಳ್ಳ, ಒತ್ತುವರಿಯಾದ ದಂಡೆ, ತಗ್ಗಿನ ಸೇತುವೆ ಇವುಗಳ ಅಹವಾಲು ಹೋಗಬೇಕಾದ ವಿಳಾಸವೂ ಅದೇ: ಧಾರವಾಡ ಜಿಲ್ಲೆಯ ವಿಪತ್ತು ನಿರ್ವಹಣಾ ಪ್ರಾಧಿಕಾರ. ನಿಮ್ಮ ಮನವಿಗೆ ಮಲೆನಾಡಿನ ನಮ್ಮ ಊರುಗಳ ಬೆಂಬಲದ ಠರಾವು ಕಳಿಸಲು ನಾವು ಸಿದ್ಧರಿದ್ದೇವೆ.

ಮಳೆಗಾಲ ಜೂನ್‌ನಲ್ಲಿ ಬರುತ್ತದೆ. ಗ್ರಾಮಸಭೆಯಲ್ಲಿ ಠರಾವಾಗಿ, ಮನವಿ ಜಿಲ್ಲೆಗೆ ಹೋಗಿ, ತಜ್ಞರು ಬಂದು ನೋಡಿ, ಗಟಾರವನ್ನಾದರೂ ತೆಗೆಯಲು ಕೆಲವು ತಿಂಗಳು ಬೇಕು. ಮುಂದಿನ ಗ್ರಾಮಸಭೆಯ ದಿನಾಂಕವನ್ನು ಈ ಸಭೆಯಿಂದ ಹೊರಡುವ ಮೊದಲೇ ತಿಳಿದುಕೊಳ್ಳಿ, ಪಟ್ಟಿ ಬರೆಯುವ ನಾಲ್ಕು ಜನರ ಹೆಸರನ್ನು ಇಲ್ಲಿಯೇ ಗೊತ್ತುಮಾಡಿ ಎಂದು ವಿನಂತಿಸಿಕೊಳ್ಳುತ್ತೇನೆ.